ಟೂಲ್‌ಚೈನ್ ಬೂಟ್‌ಸ್ಟ್ರ್ಯಾಪಿಂಗ್: ಪ್ಯಾಕೇಜ್‌ಗಳನ್ನು ಕಟ್ಟುವ ಕ್ರಮ

ಟೂಲ್‌ಚೈನ್ ಎಂದರೆ ಮನುಷ್ಯರು ಬರೆದ ಸೋರ್ಸ್ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಸಲಕರಣೆಗಳ ಗುಂಪು. ಯುನಿಕ್ಸ್ ಜಾತಿಯ ವ್ಯವಸ್ಥೆಗಳಲ್ಲಿ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿ ಲೈಬ್ರರಿ, ಕರ್ನಲ್‌ನ ಹೆಡರ್ ಕಡತಗಳು ಇದರ ಮೂಲ ಸದಸ್ಯರು. ಬೇರೆಯವರು ಕಟ್ಟಿಟ್ಟ ಬೈನರಿಗಳನ್ನು ತಂದುಕೊಳ್ಳದೆ ಈ ಗುಂಪನ್ನು ಸೋರ್ಸಿನಿಂದಲೇ ಎಬ್ಬಿಸುವ ಕೆಲಸಕ್ಕೆ ಬೂಟ್‌ಸ್ಟ್ರ್ಯಾಪಿಂಗ್ ಎನ್ನುತ್ತಾರೆ. ತೊಡಕು ಮೊದಲ ಹೆಜ್ಜೆಯಲ್ಲೇ ಎದುರಾಗುತ್ತದೆ: ಕಂಪೈಲರನ್ನು ಕಂಪೈಲ್ ಮಾಡಲು ಒಂದು ಕಂಪೈಲರ್ ಬೇಕು. ಹಾಲಿಗೆ ಹೆಪ್ಪು ಹಾಕಲು ನಿನ್ನೆಯ ಮೊಸರು ಬೇಕಾದ ಹಾಗೆ.

ಕಂಪೈಲರ್ ಒಂದೇ ಆಗಿದ್ದರೆ ಸಂಗತಿ ಸರಳವಿರುತ್ತಿತ್ತು. ಅದರ ಹಿಂದೆ ಗಣಿತದ ಲೈಬ್ರರಿಗಳು, ಶೆಲ್, ಮೇಕ್, ಸೆಡ್, ಗ್ರೆಪ್, ಎಂ4, ಪರ್ಲ್, ಪೈಥಾನ್ ಹೀಗೆ ಹತ್ತಾರು ಪ್ಯಾಕೇಜ್‌ಗಳು ಬರುತ್ತವೆ. ಒಂದೊಂದಕ್ಕೂ ಇನ್ನೆರಡು ಮೂರು ಮೊದಲೇ ಸಿದ್ಧವಿರಬೇಕು. ಯಾವುದನ್ನು ಮೊದಲು ಕಟ್ಟಬೇಕು ಎಂಬುದನ್ನು ಪಠ್ಯಪುಸ್ತಕಗಳು ವಿಂಗಡಣೆಯ ಲೆಕ್ಕವೆಂದು ಕಲಿಸುತ್ತವೆ. ಅದು ಅರ್ಧ ಸತ್ಯ. ವಿಂಗಡಣೆಯನ್ನು ಯಂತ್ರ ಕ್ಷಣದಲ್ಲಿ ಮುಗಿಸುತ್ತದೆ. ಪ್ಯಾಕೇಜ್‌ಗಳು ಒಂದನ್ನೊಂದು ಕಾಯುತ್ತ ಕೂತಿರುವ ಕಡೆ ಸುತ್ತನ್ನು ಎಲ್ಲಿ ಕತ್ತರಿಸಬೇಕು, ಯಾವುದನ್ನು ಮೊದಲು ಅರೆಬರೆಯಾಗಿ ಕಟ್ಟಿ ಆಮೇಲೆ ಪೂರ್ತಿಯಾಗಿ ಮತ್ತೆ ಕಟ್ಟಬೇಕು ಎಂಬುದನ್ನು ಮಾತ್ರ ಮನುಷ್ಯರೇ ತೀರ್ಮಾನಿಸಬೇಕಾಗಿ ಬಂದಿದೆ.

ಮೊದಲ ಯುನಿಕ್ಸ್

ತನ್ನ ಭಾಷೆಯಲ್ಲೇ ಬರೆದ, ತನ್ನನ್ನೇ ಕಂಪೈಲ್ ಮಾಡಿಕೊಳ್ಳುವ ಕಂಪೈಲರ್ ಯುನಿಕ್ಸ್‌ಗಿಂತ ಹಳೆಯದು. 1962ರಲ್ಲಿ ಎಂಐಟಿಯಲ್ಲಿ ಟಿಮ್ ಹಾರ್ಟ್ ಮತ್ತು ಮೈಕ್ ಲೆವಿನ್ ಲಿಸ್ಪ್ ಭಾಷೆಗೆ ಅಂಥದ್ದನ್ನು ಬರೆದರು. ಆಗಲೇ ಇದ್ದ ಲಿಸ್ಪ್ ಇಂಟರ್‌ಪ್ರಿಟರ್ ಅದನ್ನು ಮೊದಲ ಸಲ ಓಡಿಸಿಕೊಟ್ಟಿತು.

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಯಂತ್ರಕ್ಕೆ ಯುನಿಕ್ಸ್ ಬರೆಯತೊಡಗಿದಾಗ ಆ ಯಂತ್ರದಲ್ಲಿ ಅವರ ಕೆಲಸಕ್ಕೆ ಒದಗುವ ಸಲಕರಣೆಗಳಿರಲಿಲ್ಲ. ಬೇರೊಂದು ದೊಡ್ಡ ಯಂತ್ರವಾದ ಜಿಇ-635ರಲ್ಲಿ ಅಸೆಂಬಲ್ ಮಾಡಿ, ಕಾಗದದ ಪಟ್ಟಿಯಲ್ಲಿ ತೂತು ಹೊಡೆಸಿ, ಪಟ್ಟಿಯನ್ನು ಕೈಯಲ್ಲಿ ತಂದು ಪಿಡಿಪಿ-7ಕ್ಕೆ ಓದಿಸುತ್ತಿದ್ದರು. ಇಂದಿನ ಮಾತಿನಲ್ಲಿ ಅದು ಕ್ರಾಸ್ ಕಂಪೈಲಿಂಗ್. ಪಿಡಿಪಿ-7ರ ಮೇಲೇ ಓಡುವ ಅಸೆಂಬ್ಲರ್ ಸಿದ್ಧವಾದ ಮೇಲೆ ಕಾಗದದ ಪಟ್ಟಿ ಬೇಕಾಗಲಿಲ್ಲ. ಮುಂದೆ ಥಾಂಪ್ಸನ್ ಬಿ ಭಾಷೆಯ ಕಂಪೈಲರನ್ನು ಮೊದಲು ಟಿಎಂಜಿ ಎಂಬ ಇನ್ನೊಂದು ಸಲಕರಣೆಯ ಭಾಷೆಯಲ್ಲಿ ಬರೆದು, ಅದು ಓಡಿದ ಮೇಲೆ ಬಿ ಭಾಷೆಯಲ್ಲೇ ತಿರುಗಿ ಬರೆದರು. ಡೆನ್ನಿಸ್ ರಿಚಿ ಆ ಭಾಷೆಯನ್ನು ಬೆಳೆಸುತ್ತ ಸಿ ತನಕ ತಂದರು. 1973ರಲ್ಲಿ ಯುನಿಕ್ಸ್ ಕರ್ನಲ್ ಸಿ ಭಾಷೆಗೆ ಬದಲಾಯಿತು. ಪರಭಾಷೆಯಲ್ಲಿ ಒಂದು ತಾತ್ಕಾಲಿಕ ರೂಪ, ಆಮೇಲೆ ಸ್ವಂತ ಭಾಷೆಯಲ್ಲಿ ನಿಜವಾದ ರೂಪ ಎಂಬ ಈ ಪದ್ಧತಿ ಐವತ್ತು ವರ್ಷ ಕಳೆದರೂ ಬದಲಾಗಿಲ್ಲ.

ಸಾಲು ಹಚ್ಚುವ ಲೆಕ್ಕ

ಅವಲಂಬನೆಗಳನ್ನು ಬಾಣಗಳ ಚಿತ್ರವಾಗಿ ಬರೆದುಕೊಂಡರೆ, ಯಾವ ಬಾಣವೂ ಹಿಂದಕ್ಕೆ ಹೋಗದಂತೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಟೊಪಾಲಾಜಿಕಲ್ ವಿಂಗಡಣೆ ಎಂದು ಹೆಸರು. 1962ರಲ್ಲಿ ಎ. ಬಿ. ಕಾನ್ ಪ್ರಕಟಿಸಿದ ವಿಧಾನವನ್ನು ಇಂದಿಗೂ ಕಲಿಸುತ್ತಾರೆ: ಯಾರನ್ನೂ ಕಾಯಬೇಕಿಲ್ಲದ ಪ್ಯಾಕೇಜನ್ನು ತೆಗೆದು ಸಾಲಿಗೆ ಹಾಕಿ, ಅದನ್ನು ಕಾಯುತ್ತಿದ್ದವರ ಲೆಕ್ಕದಿಂದ ಒಂದು ಕಳೆಯಿರಿ, ಮತ್ತೆ ಹಾಗೇ ಮಾಡಿ. ಡೊನಾಲ್ಡ್ ನೂತ್ ತಮ್ಮ ಗ್ರಂಥಮಾಲೆಯ 1968ರ ಮೊದಲ ಸಂಪುಟದಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದ್ದಾರೆ.

ಯುನಿಕ್ಸ್‌ನಲ್ಲಿ ಇದಕ್ಕೆಂದೇ ಒಂದು ಆದೇಶವಿದೆ, ಟಿಸಾರ್ಟ್. 1979ರ ಏಳನೆಯ ಆವೃತ್ತಿಯಲ್ಲಿ ಅದು ಕಾಣಿಸುತ್ತದೆ. ಅದನ್ನು ಬರೆದದ್ದು ಪ್ಯಾಕೇಜ್‌ಗಳಿಗಾಗಿ ಅಲ್ಲ. ಆಗಿನ ಲಿಂಕರ್ ಲೈಬ್ರರಿ ಕಡತವನ್ನು ಒಮ್ಮೆ ಮಾತ್ರ, ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ಕರೆಯುವ ತುಣುಕು ಮುಂದೆ, ಕರೆಸಿಕೊಳ್ಳುವ ತುಣುಕು ಹಿಂದೆ ಇರದಿದ್ದರೆ ಲಿಂಕ್ ಆಗುತ್ತಿರಲಿಲ್ಲ. ಎಲ್ಆರ್ಡರ್ ಎಂಬ ಆದೇಶ ತುಣುಕುಗಳ ಜೋಡಿಗಳನ್ನು ಪಟ್ಟಿ ಮಾಡುತ್ತಿತ್ತು, ಟಿಸಾರ್ಟ್ ಅವನ್ನು ಸಾಲಿಗೆ ತರುತ್ತಿತ್ತು. ಲೈಬ್ರರಿಗೆ ಸೂಚಿ ಹಾಕುವ ರ್‍ಯಾನ್‌ಲಿಬ್ ಬಂದ ಮೇಲೆ ಆ ಅಗತ್ಯ ಹೋಯಿತು, ಟಿಸಾರ್ಟ್ ಉಳಿಯಿತು. ಇಂದು ಯಾವುದೇ ಲಿನಕ್ಸ್ ಯಂತ್ರದಲ್ಲಿ ಟಿಸಾರ್ಟ್‌ಗೆ ಪ್ಯಾಕೇಜ್ ಹೆಸರುಗಳ ಜೋಡಿಗಳನ್ನು ಕೊಟ್ಟರೆ ಕಟ್ಟುವ ಕ್ರಮವನ್ನು ಮುದ್ರಿಸುತ್ತದೆ. ಸುತ್ತು ಸಿಕ್ಕರೆ ಇದರಲ್ಲಿ ಸುತ್ತಿದೆ ಎಂದು ಗೊಣಗಿ, ಎಲ್ಲೋ ಒಂದು ಕಡೆ ಕತ್ತರಿಸಿ ಮುಂದುವರಿಯುತ್ತದೆ. ಅದು ಕತ್ತರಿಸಿದ ಜಾಗ ನಮಗೆ ಬೇಕಾದ ಜಾಗವಾಗಿರುವುದು ಅಪರೂಪ.

ಸುತ್ತಿಲ್ಲದ ಒಂದು ಸಣ್ಣ ಉದಾಹರಣೆ ಜಿಸಿಸಿ ಕಂಪೈಲರಿನ ಗಣಿತದ ಲೈಬ್ರರಿಗಳು. ಸ್ಥಿರ ಸಂಖ್ಯೆಗಳ ಲೆಕ್ಕವನ್ನು ಕಂಪೈಲ್ ಮಾಡುವಾಗಲೇ ನಿಖರವಾಗಿ ಮುಗಿಸಲು ಜಿಸಿಸಿಗೆ ಮೂರು ಲೈಬ್ರರಿಗಳು ಬೇಕು: ದೊಡ್ಡ ಪೂರ್ಣಾಂಕಗಳಿಗೆ ಜಿಎಂಪಿ, ಫ್ಲೋಟಿಂಗ್ ಪಾಯಿಂಟ್ ಲೆಕ್ಕಕ್ಕೆ ಎಂಪಿಎಫ್‌ಆರ್, ಸಂಕೀರ್ಣ ಸಂಖ್ಯೆಗಳಿಗೆ ಎಂಪಿಸಿ. ಎಂಪಿಎಫ್‌ಆರ್‌ಗೆ ಜಿಎಂಪಿ ಬೇಕು, ಎಂಪಿಸಿಗೆ ಎರಡೂ ಬೇಕು. ಹಾಗಾಗಿ ಕಟ್ಟುವ ಕ್ರಮ ಒಂದೇ: ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ, ಕೊನೆಗೆ ಜಿಸಿಸಿ. ಸ್ಟ್ಯಾಟಿಕ್ ಲಿಂಕ್ ಮಾಡುವಾಗ ಆದೇಶದ ಸಾಲಿನಲ್ಲಿ ಇದೇ ಹೆಸರುಗಳನ್ನು ತಿರುಗುಮುರುಗಾಗಿ ಬರೆಯಬೇಕು. ಮೊದಲು ಕಟ್ಟಿದ ಜಿಎಂಪಿ ಲಿಂಕಿನ ಸಾಲಿನಲ್ಲಿ ಕೊನೆಗೆ ಬರುತ್ತದೆ. ಹೊಸಬರು ಇಲ್ಲಿ ಎಡವದೆ ಮುಂದೆ ಹೋಗುವುದು ಕಡಿಮೆ. ಈ ಮೂರರ ಸೋರ್ಸನ್ನು ಜಿಸಿಸಿಯ ಸೋರ್ಸ್ ಫೋಲ್ಡರಿನೊಳಗೇ ಇಟ್ಟರೆ ಜಿಸಿಸಿಯೇ ಸರಿಯಾದ ಕ್ರಮದಲ್ಲಿ ಅವನ್ನು ಕಟ್ಟಿಕೊಳ್ಳುತ್ತದೆ. ಬೂಟ್‌ಸ್ಟ್ರ್ಯಾಪ್ ಮಾಡುವವರಲ್ಲಿ ಹಲವರು ಹಿಡಿಯುವ ದಾರಿ ಇದೇ.

ಅವಲಂಬನೆಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಕಟ್ಟುವಾಗ ಓಡಬೇಕಾದದ್ದು ಬೇರೆ, ಜೊತೆಗೆ ಲಿಂಕ್ ಆಗಬೇಕಾದದ್ದು ಬೇರೆ, ಬಳಸುವಾಗ ಮಾತ್ರ ಬೇಕಾದದ್ದು ಬೇರೆ. ಪರೀಕ್ಷೆಗೆ ಮಾತ್ರ ಬೇಕಾದವು ಇನ್ನೊಂದು ಗುಂಪು: ಜಿಸಿಸಿಯ ಪರೀಕ್ಷೆಗಳನ್ನು ಓಡಿಸಲು ಡೆಜಾಗ್ನು ಬೇಕು, ಅದಕ್ಕೆ ಎಕ್ಸ್‌ಪೆಕ್ಟ್ ಬೇಕು, ಅದಕ್ಕೆ ಟಿಸಿಎಲ್ ಬೇಕು. ಮೊದಲ ಸುತ್ತಿನಲ್ಲಿ ಪರೀಕ್ಷೆಗಳನ್ನು ಕೈಬಿಟ್ಟರೆ ಈ ಬಾಣಗಳೆಲ್ಲ ಚಿತ್ರದಿಂದ ಅಳಿಸಿಹೋಗುತ್ತವೆ. ಸುತ್ತು ಕತ್ತರಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಕಂಪೈಲರ್ ಮತ್ತು ಸಿ ಲೈಬ್ರರಿಯ ಸುತ್ತು

ಎಲ್ಲ ಸುತ್ತುಗಳಲ್ಲಿ ಹೆಸರುವಾಸಿಯಾದದ್ದು ಜಿಸಿಸಿ ಮತ್ತು ಸಿ ಲೈಬ್ರರಿಯಾದ ಜಿಲಿಬ್‌ಸಿ ನಡುವಿನದು. ಜಿಲಿಬ್‌ಸಿಯನ್ನು ಕಂಪೈಲ್ ಮಾಡಲು ಜಿಸಿಸಿ ಬೇಕು. ಜಿಸಿಸಿ ಪೂರ್ತಿಯಾಗಬೇಕಾದರೆ ಅದರ ಜೊತೆಗಿನ ಲಿಬ್‌ಜಿಸಿಸಿ, ಸಿ++ ಲೈಬ್ರರಿ ಮೊದಲಾದವು ಸಿ ಲೈಬ್ರರಿಯ ಹೆಡರ್‌ಗಳನ್ನು ನೋಡಬೇಕು. ಕೆಲಸ ನಡೆಯುವ ಯಂತ್ರದಲ್ಲಿ, ಅಂದರೆ ಆತಿಥೇಯ ಯಂತ್ರದಲ್ಲಿ, ಇವೆರಡೂ ಇದ್ದೇ ಇರುತ್ತವಲ್ಲ ಎನ್ನಬಹುದು. ಆದರೆ ಹೊಸ ವ್ಯವಸ್ಥೆ ಹಳೆಯದರ ಕಡತಗಳನ್ನು ಗೊತ್ತಿಲ್ಲದೆ ಅಂಟಿಸಿಕೊಳ್ಳಬಾರದು ಎಂಬುದೇ ಇಡೀ ಕೆಲಸದ ಉದ್ದೇಶ.

ಈ ಸುತ್ತನ್ನು ಬಿಡಿಸುವ ದಾರಿಯನ್ನು ಸಾಮಾನ್ಯ ಓದುಗರಿಗೆ ತಲುಪಿಸಿದ್ದು ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಆರಂಭಿಸಿದ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಎಂಬ ಕೈಪಿಡಿ. ಅದರ ಈಚಿನ ಆವೃತ್ತಿಗಳು ಹಿಡಿಯುವ ಕ್ರಮ ಹೀಗಿದೆ. ಮೊದಲು ಬಿನ್‌ಯುಟಿಲ್ಸ್, ಅಂದರೆ ಅಸೆಂಬ್ಲರ್ ಮತ್ತು ಲಿಂಕರ್. ಇದು ಮೊದಲು ಬರಲು ಕಾರಣವಿದೆ: ಜಿಸಿಸಿ ಮತ್ತು ಜಿಲಿಬ್‌ಸಿ ಎರಡೂ ತಮ್ಮ ಕಾನ್ಫಿಗರ್ ಹಂತದಲ್ಲಿ ಅಸೆಂಬ್ಲರ್‌ಗೆ, ಲಿಂಕರ್‌ಗೆ ಏನೇನು ಬರುತ್ತದೆ ಎಂದು ಪರೀಕ್ಷಿಸಿ ತಮ್ಮ ಕೆಲವು ಸವಲತ್ತುಗಳನ್ನು ತೆರೆಯುತ್ತವೆ ಅಥವಾ ಮುಚ್ಚುತ್ತವೆ. ತಪ್ಪು ಅಸೆಂಬ್ಲರ್ ಸಿಕ್ಕರೆ ಆಗಲೇ ದೋಷ ಕಾಣುವುದಿಲ್ಲ, ಎಲ್ಲ ಮುಗಿಯುವ ಹೊತ್ತಿಗೆ ಕಾಣುತ್ತದೆ. ಎರಡನೆಯದು ಜಿಸಿಸಿಯ ಮೊದಲ ಸುತ್ತು. ಇದನ್ನು ಬೇಕೆಂದೇ ಕುಂಟು ಮಾಡಿ ಕಟ್ಟುತ್ತಾರೆ: ಹೆಡರ್‌ಗಳಿಲ್ಲ ಎಂದು ಹೇಳುತ್ತಾರೆ, ಥ್ರೆಡ್ ಬೇಡ, ಶೇರ್ಡ್ ಲೈಬ್ರರಿ ಬೇಡ, ಸಿ ಮತ್ತು ಸಿ++ ಬಿಟ್ಟು ಬೇರೆ ಭಾಷೆ ಬೇಡ. ಸಿ ಲೈಬ್ರರಿಯ ಲಿಮಿಟ್ಸ್ ಹೆಡರ್ ಇನ್ನೂ ಇಲ್ಲದ ಕಾರಣ ಜಿಸಿಸಿ ತನ್ನದೊಂದು ಅರ್ಧ ಹೆಡರ್ ಇಟ್ಟುಕೊಳ್ಳುತ್ತದೆ. ಕೈಪಿಡಿ ಅದನ್ನು ಮೂರು ತುಂಡುಗಳಿಂದ ಜೋಡಿಸಿ ಪೂರ್ತಿ ಮಾಡಿಸುತ್ತದೆ. ಮೂರನೆಯದು ಲಿನಕ್ಸ್ ಕರ್ನಲ್‌ನ ಹೆಡರ್‌ಗಳು. ನಾಲ್ಕನೆಯದು ಜಿಲಿಬ್‌ಸಿ. ಐದನೆಯದು ಸಿ++ ಲೈಬ್ರರಿ. ಇದರ ಸೋರ್ಸ್ ಇರುವುದು ಜಿಸಿಸಿಯ ಒಳಗೇ, ಆದರೂ ಜಿಲಿಬ್‌ಸಿ ಇಲ್ಲದೆ ಕಟ್ಟಲಾಗದ್ದರಿಂದ ಒಡಹುಟ್ಟಿದವುಗಳಿಂದ ಬೇರೆಯಾಗಿ ಇಲ್ಲಿಗೆ ಬರುತ್ತದೆ. ಒಂದೇ ಟಾರ್‌ಬಾಲ್ (ಸೋರ್ಸ್ ಕಡತಗಳ ಗಂಟು) ಎರಡು ಕಡೆ ಕಾಣಿಸಿಕೊಳ್ಳುವುದನ್ನು ಕಂಡು ಕೈಪಿಡಿಯಲ್ಲಿ ಅಚ್ಚಿನ ತಪ್ಪಿದೆ ಎಂದುಕೊಳ್ಳುವವರಿದ್ದಾರೆ.

ಕರ್ನಲ್ ಹೆಡರ್‌ಗಳ ಹಂತದಲ್ಲಿ ಒಂದು ಸಣ್ಣ ಪಾಠವಿದೆ. ಹೆಡರ್‌ಗಳನ್ನು ಸ್ಥಾಪಿಸಲು ಕರ್ನಲ್ ಸ್ವತಃ ಕೊಡುವ ಮೇಕ್ ಗುರಿಗೆ ಆರ್‌ಸಿಂಕ್ ಬೇಕು. ನಾಲ್ಕು ಕಡತ ನಕಲು ಮಾಡಲು ಇನ್ನೊಂದು ಪ್ಯಾಕೇಜ್ ಏಕೆ ಎಂದು ಕೈಪಿಡಿ ಆ ಗುರಿಯನ್ನು ಬಿಟ್ಟು, ಹೆಡರ್‌ಗಳನ್ನು ತಯಾರಿಸಿ ಮಾಮೂಲಿ ನಕಲು ಆದೇಶದಿಂದ ಸಾಗಿಸುತ್ತದೆ. ಹೀಗೆ ಒಂದೊಂದು ಬಾಣವನ್ನು ಕೈಯಿಂದ ಕೀಳುವುದು ಈ ಕಸುಬಿನಲ್ಲಿ ದಿನನಿತ್ಯದ ಕೆಲಸ.

ಆಮೇಲೆ ಈ ಹೊಸ ಕ್ರಾಸ್ ಕಂಪೈಲರಿನಿಂದ ತಾತ್ಕಾಲಿಕ ಸಲಕರಣೆಗಳ ಸಾಲು. ಎಂ4, ಎನ್‌ಕರ್ಸಸ್, ಬ್ಯಾಶ್ ಮೊದಲು. ಅಲ್ಲಿಂದ ಮುಂದೆ ಕೋರ್‌ಯುಟಿಲ್ಸ್, ಡಿಫ್‌ಯುಟಿಲ್ಸ್, ಫೈಲ್, ಫೈಂಡ್‌ಯುಟಿಲ್ಸ್, ಗಾಕ್, ಗ್ರೆಪ್, ಜಿಜಿಪ್, ಮೇಕ್, ಪ್ಯಾಚ್, ಸೆಡ್, ಟಾರ್, ಎಕ್ಸ್‌ಝಡ್. ಈ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿದರೆ ಅಕಾರಾದಿ ಕ್ರಮದಲ್ಲಿದೆ. ಇವು ಒಂದನ್ನೊಂದು ಕಾಯುವುದಿಲ್ಲ, ಆದ್ದರಿಂದ ಕ್ರಮಕ್ಕೆ ಅರ್ಥವೂ ಇಲ್ಲ. ಕಾರಣವಿಲ್ಲದ ಕಡೆ ಅಕ್ಷರಮಾಲೆಯೇ ಸಾಕು. ಇವುಗಳಲ್ಲಿ ಫೈಲ್ ಎಂಬುದು ಮಾತ್ರ ಚೂರು ತರಲೆ: ತನ್ನ ಗುರುತುಗಳ ಕಡತವನ್ನು ತಯಾರಿಸಲು ಅದೇ ಆವೃತ್ತಿಯ ಫೈಲ್ ಆದೇಶ ಆತಿಥೇಯ ಯಂತ್ರದಲ್ಲಿ ಓಡಬೇಕು. ಅದಕ್ಕಾಗಿ ಒಂದು ಪ್ರತಿಯನ್ನು ಆತಿಥೇಯಕ್ಕೆ, ಇನ್ನೊಂದನ್ನು ಹೊಸ ವ್ಯವಸ್ಥೆಗೆ ಕಟ್ಟುತ್ತಾರೆ. ಕೊನೆಯಲ್ಲಿ ಬಿನ್‌ಯುಟಿಲ್ಸ್ ಮತ್ತು ಜಿಸಿಸಿಯ ಎರಡನೆಯ ಸುತ್ತು. ಬಳಿಕ ಹೊಸ ವ್ಯವಸ್ಥೆಯ ಕಡತಗಳ ಮರದೊಳಗೆ ಕ್ರೂಟ್ ಆದೇಶದಿಂದ ಹೊಕ್ಕರೆ ಆತಿಥೇಯ ವ್ಯವಸ್ಥೆ ಕಣ್ಣಿಗೆ ಬೀಳುವುದಿಲ್ಲ. ಒಳಗೆ ಗೆಟ್‌ಟೆಕ್ಸ್ಟ್, ಬೈಸನ್, ಪರ್ಲ್, ಪೈಥಾನ್, ಟೆಕ್ಸ್‌ಇನ್ಫೋ ಮೊದಲಾದವನ್ನು ಕಟ್ಟಿ ಅಂತಿಮ ವ್ಯವಸ್ಥೆಗೆ ಕೈಹಾಕುತ್ತಾರೆ. ಪೈಥಾನ್ ಇಷ್ಟು ಬೇಗ ಬರುವುದಕ್ಕೆ ಒಂದು ಕಾರಣ, 2019ರ 2.29ನೇ ಆವೃತ್ತಿಯಿಂದ ಜಿಲಿಬ್‌ಸಿಯನ್ನು ಕಟ್ಟಲು ಪೈಥಾನ್ ಕಡ್ಡಾಯವಾದದ್ದು. ಕೆಳಗಿನ ಪದರ ಮೇಲಿನ ಪದರವನ್ನು ಕೇಳತೊಡಗಿದಾಗಲೆಲ್ಲ ಬೂಟ್‌ಸ್ಟ್ರ್ಯಾಪ್ ಮಾಡುವವರ ಸಾಲು ಉದ್ದವಾಗುತ್ತದೆ. ಅಂಥ ಬದಲಾವಣೆಗಳನ್ನು ಮಾಡುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುತ್ತಾರೆಂದು ತೋರುವುದಿಲ್ಲ.

ಜಿಸಿಸಿಯನ್ನು ಸಾಮಾನ್ಯ ಯಂತ್ರದಲ್ಲಿ ಕಟ್ಟುವಾಗ ನಡೆಯುವ ಮೂರು ಹಂತಗಳ ಕ್ರಮ ಇದಕ್ಕಿಂತ ಬೇರೆ. ಇದ್ದ ಕಂಪೈಲರಿನಿಂದ ಮೊದಲ ಜಿಸಿಸಿ, ಅದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು. ಎರಡು ಮತ್ತು ಮೂರನೆಯ ಹಂತಗಳ ಕಡತಗಳನ್ನು ಹೋಲಿಸಿ ನೋಡುತ್ತದೆ. ವ್ಯತ್ಯಾಸ ಬಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಂದೇ ಸೋರ್ಸನ್ನು ಒಂದೇ ರೀತಿ ವರ್ತಿಸಬೇಕಾದ ಎರಡು ಕಂಪೈಲರ್‌ಗಳು ಓದಿದಾಗ ಬೇರೆ ಬೇರೆ ಫಲ ಬಂದರೆ ಎಲ್ಲೋ ತಪ್ಪಿದೆ ಎಂದರ್ಥ. ಮೇಲಿನ ಕೈಪಿಡಿಯಲ್ಲಿ ಆ ಹೊತ್ತಿಗಾಗಲೇ ಎರಡು ಸುತ್ತು ಆಗಿರುವುದರಿಂದ ಅಂತಿಮ ಜಿಸಿಸಿಗೆ ಈ ಮೂರು ಹಂತಗಳನ್ನು ಬಿಟ್ಟುಬಿಡುತ್ತಾರೆ.

ಟಾರ್‌ಬಾಲ್‌ನೊಳಗಿನ ಗಂಟುಗಳು

ಪ್ಯಾಕೇಜ್‌ನ ಜೊತೆ ಬರುವ ಪಟ್ಟಿಯಲ್ಲಿ ಕಾಣದ ಅವಲಂಬನೆಗಳು ಇನ್ನೊಂದು ಅಧ್ಯಾಯ. ಬೈಸನ್ ಎಂಬುದು ವ್ಯಾಕರಣದಿಂದ ಪಾರ್ಸರ್ ತಯಾರಿಸುವ ಸಲಕರಣೆ. ಅದರ ಸ್ವಂತ ವ್ಯಾಕರಣ ಬರೆದಿರುವುದೂ ಬೈಸನ್ ಭಾಷೆಯಲ್ಲೇ. ಆದರೂ ಬೈಸನ್ ಇಲ್ಲದೆ ಬೈಸನ್ ಕಟ್ಟಬಹುದು, ಏಕೆಂದರೆ ಬಿಡುಗಡೆಯ ಟಾರ್‌ಬಾಲ್‌ನಲ್ಲಿ ತಯಾರಾದ ಸಿ ಕಡತವನ್ನು ಮೊದಲೇ ಹಾಕಿಟ್ಟಿರುತ್ತಾರೆ. ಲಕ್ಷಾಂತರ ಯಂತ್ರಗಳಲ್ಲಿ ಓಡುವ ಕಾನ್ಫಿಗರ್ ಸ್ಕ್ರಿಪ್ಟ್‌ಗಳ ಕಥೆಯೂ ಇದೇ. ಅವನ್ನು ಹುಟ್ಟಿಸುವ ಆಟೋಕಾನ್ಫ್‌ಗೆ ಎಂ4 ಮತ್ತು ಪರ್ಲ್ ಬೇಕು, ಆಟೋಮೇಕ್‌ಗೆ ಆಟೋಕಾನ್ಫ್ ಬೇಕು. ಟಾರ್‌ಬಾಲ್ ತೆರೆದವರಿಗೆ ಬರೀ ಶೆಲ್ ಸಾಕು. ಪರ್ಲ್ ತನ್ನದೇ ಶೆಲ್ ಸ್ಕ್ರಿಪ್ಟ್ ಇಟ್ಟುಕೊಂಡು ಈ ಜಂಜಾಟದಿಂದ ಹೊರಗುಳಿದಿರುವುದರಿಂದಲೇ ಪರ್ಲ್ ಮತ್ತು ಆಟೋಕಾನ್ಫ್ ನಡುವೆ ಸುತ್ತು ಬೀಳುವುದಿಲ್ಲ. ಜಿಸಿಸಿಯ ಮೇಲ್ಮಟ್ಟದ ಮೇಕ್‌ಫೈಲ್ ಸಹ ಕೈಯಿಂದ ಬರೆದದ್ದಲ್ಲ. ಯಾವ ಉಪಭಾಗದ ನಂತರ ಯಾವುದು ಎಂಬ ವಿವರಗಳಿರುವ ಕಡತದಿಂದ ಆಟೋಜೆನ್ ಅದನ್ನು ಬರೆಯುತ್ತದೆ. ಆಟೋಜೆನ್‌ಗೆ ಗೈಲ್ ಎಂಬ ಸ್ಕೀಮ್ ಭಾಷೆಯ ವ್ಯವಸ್ಥೆ ಬೇಕು. ಕಂಪೈಲರ್ ಕಟ್ಟುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಈ ಏರ್ಪಾಡು ಕಡತಗಳ ಸಮಯದ ಗುರುತನ್ನು ನಂಬಿ ನಿಂತಿದೆ. ಗಿಟ್‌ನಿಂದ ಇಳಿಸಿದಾಗಲೋ ಪ್ಯಾಚ್ ಹಾಕಿದಾಗಲೋ ವ್ಯಾಕರಣದ ಕಡತ ತಯಾರಾದ ಕಡತಕ್ಕಿಂತ ಹೊಸದಾಗಿ ಕಂಡರೆ, ಮೇಕ್ ಅದನ್ನು ಮತ್ತೆ ತಯಾರಿಸಲು ಹೋಗಿ ಬೈಸನ್ ಇಲ್ಲ, ಆಟೋಮೇಕ್ ಇಲ್ಲ ಎಂದು ನಿಲ್ಲುತ್ತದೆ. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬೆಲ್ ಲ್ಯಾಬ್ಸ್‌ನಲ್ಲಿ ಮೇಕ್ ಬರೆದಾಗಿನಿಂದ ನಿಯಮ ಇದೇ: ಹಳೆಯದಾದದ್ದನ್ನು ಮತ್ತೆ ಕಟ್ಟು. ಇನ್ನೊಂದು ಚಾಳಿ ಎಂದರೆ ಮೇಕ್ ಒಂದೊಂದಾಗಿ ಕಟ್ಟುವಾಗ ಅದೃಷ್ಟದಿಂದ ಸರಿಬರುವ ಕ್ರಮ, ಏಕಕಾಲಕ್ಕೆ ಎಂಟು ಕೆಲಸ ಹಚ್ಚಿದಾಗ ಮುರಿಯುವುದು. ಬರೆಯದೆ ಬಿಟ್ಟ ಬಾಣ ಆಗ ಹೊರಬೀಳುತ್ತದೆ.

ಮೊದಲೇ ತಯಾರಾದ ಕಡತಗಳನ್ನು ಯಾರೂ ಓದುವುದಿಲ್ಲ ಎಂಬುದು 2024ರಲ್ಲಿ ಜಗತ್ತಿಗೆ ತಿಳಿಯಿತು. ಎಕ್ಸ್‌ಝಡ್ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳ ಟಾರ್‌ಬಾಲ್‌ನಲ್ಲಿ, ಗಿಟ್ ಭಂಡಾರದಲ್ಲಿ ಇಲ್ಲದ ಬದಲಾವಣೆಯಿದ್ದ ಎಂ4 ಕಡತವೊಂದು ಕಟ್ಟುವ ಹೊತ್ತಿನಲ್ಲಿ ಲೈಬ್ರರಿಯೊಳಗೆ ಹಿಂಬಾಗಿಲು ಸೇರಿಸುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದರು. ಅಂದಿನಿಂದ ಹಲವು ಲಿನಕ್ಸ್ ವಿತರಣೆಗಳಲ್ಲಿ ಕಾನ್ಫಿಗರ್ ಸ್ಕ್ರಿಪ್ಟನ್ನು ಸೋರ್ಸಿನಿಂದ ಮತ್ತೆ ಹುಟ್ಟಿಸಬೇಕು ಎಂಬ ವಾದ ಬಲವಾಗಿದೆ. ಹಾಗೆ ಮಾಡಿದರೆ ಆಟೋಕಾನ್ಫ್, ಎಂ4, ಪರ್ಲ್ ಎಲ್ಲವೂ ಸಾಲಿನಲ್ಲಿ ಮುಂದಕ್ಕೆ ಬರುತ್ತವೆ, ಕತ್ತರಿಸಿದ್ದ ಸುತ್ತುಗಳು ಮತ್ತೆ ಕೂಡಿಕೊಳ್ಳುತ್ತವೆ.

ಲಿನಕ್ಸ್‌ನಲ್ಲಿ ಹೀಗಾದರೆ, ಯುನಿಕ್ಸ್‌ನ ಬಿಎಸ್‌ಡಿ ಕುಟುಂಬದಲ್ಲಿ ಕರ್ನಲ್, ಸಿ ಲೈಬ್ರರಿ, ಕಂಪೈಲರ್ ಒಂದೇ ಸೋರ್ಸ್ ಮರದಲ್ಲಿರುವುದರಿಂದ ಸಂಗತಿ ಹಗುರ. ನೆಟ್‌ಬಿಎಸ್‌ಡಿಯ ಬಿಲ್ಡ್ ಸ್ಕ್ರಿಪ್ಟ್ ಮೊದಲು ತನ್ನ ಮೇಕನ್ನು ಆತಿಥೇಯ ಯಂತ್ರಕ್ಕೆ ಕಟ್ಟಿಕೊಂಡು, ಆಮೇಲೆ ಬೇರೆ ಸಲಕರಣೆಗಳಿಗೆ ಹೋಗುತ್ತದೆ. ಅವುಗಳ ಪಟ್ಟಿಯಲ್ಲಿ ಅಲ್ಲಲ್ಲಿ ಕಾಯುವ ಗುರುತು ಹಾಕಿದ್ದಾರೆ: ಇದರ ಮೇಲಿನವೆಲ್ಲ ಮುಗಿಯದೆ ಕೆಳಗಿನವು ಶುರುವಾಗುವುದಿಲ್ಲ. ಅನುಭವಿಗಳು ಕೈಯಿಂದ ಇಟ್ಟ ಗುರುತುಗಳವು. ಲಿನಕ್ಸ್ ವಿತರಣೆಯಾದ ಡೆಬಿಯನ್‌ನಲ್ಲಿ ಸಾವಿರಾರು ಪ್ಯಾಕೇಜ್‌ಗಳಿರುವುದರಿಂದ ಅಲ್ಲಿ ಕೈಯ ಕೆಲಸ ಸಾಲದು. ಹೊಸ ಪ್ರೊಸೆಸರ್ ಬಂದಾಗ ಮೊದಲ ಸುತ್ತಿನಲ್ಲಿ ಯಾವ ಪ್ಯಾಕೇಜನ್ನು ಯಾವ ಸವಲತ್ತು ಬಿಟ್ಟು ಕಟ್ಟಬಹುದು ಎಂಬುದನ್ನು ಬಿಲ್ಡ್ ಪ್ರೊಫೈಲ್ ಎಂಬ ಗುರುತಿನಲ್ಲಿ ಪ್ಯಾಕೇಜಿನೊಳಗೇ ಬರೆದಿಡುತ್ತಾರೆ.

ಬೀಜ ಎಷ್ಟು ಚಿಕ್ಕದಾಗಬಹುದು

ಯಾವ ಕ್ರಮ ಹಿಡಿದರೂ ಸಾಲಿನ ತುದಿಯಲ್ಲಿ ಯಾರೋ ಕೊಟ್ಟ ಒಂದು ಬೈನರಿ ಇರುತ್ತದೆ. ಅದನ್ನು ಏಕೆ ನಂಬಬೇಕು? 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಥಾಂಪ್ಸನ್ ತೋರಿಸಿದ್ದು ಇದನ್ನೇ: ಲಾಗಿನ್ ಪ್ರೋಗ್ರಾಮಿಗೆ ಕನ್ನ ಕೊರೆಯುವ ಕಂಪೈಲರ್, ತನ್ನ ಸೋರ್ಸನ್ನು ಕಂಪೈಲ್ ಮಾಡುವಾಗ ಆ ಕಳ್ಳತನವನ್ನು ಹೊಸ ಕಂಪೈಲರಿಗೂ ದಾಟಿಸಬಲ್ಲದು. ಸೋರ್ಸಿನಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಡೇವಿಡ್ ವೀಲರ್ 2009ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಒಂದು ಪರಿಹಾರವನ್ನು ವಿಸ್ತರಿಸಿದರು: ಸಂಬಂಧವಿಲ್ಲದ ಎರಡನೆಯ ಕಂಪೈಲರಿನಿಂದ ಅದೇ ಸೋರ್ಸನ್ನು ಎರಡು ಸಲ ಹಾಯಿಸಿ, ಕೊನೆಯ ಫಲವನ್ನು ಅನುಮಾನದ ಬೈನರಿಯೊಂದಿಗೆ ಬಿಟ್ ಬಿಟ್ಟಾಗಿ ಹೋಲಿಸುವುದು.

ಇನ್ನೊಂದು ಪರಿಹಾರ ಬೀಜವನ್ನೇ ಕಣ್ಣಿನಿಂದ ಓದಿ ಪರೀಕ್ಷಿಸುವಷ್ಟು ಚಿಕ್ಕದಾಗಿಸುವುದು. ಜೆರೆಮಾಯ ಓರಿಯನ್ಸ್ ಆರಂಭಿಸಿದ ಸ್ಟೇಜ್0, ಯಾನ್ ನ್ಯೂವೆನ್‌ಹೌಜನ್ ಬರೆದ ಮೆಸ್ ಇವೆರಡನ್ನು ಜೋಡಿಸಿ ಗಿಕ್ಸ್ ವಿತರಣೆ 2023ರಲ್ಲಿ 357 ಬೈಟ್‌ಗಳ ಪ್ರೋಗ್ರಾಮಿನಿಂದ ಹೊರಟು 22,000ಕ್ಕೂ ಹೆಚ್ಚು ಪ್ಯಾಕೇಜ್‌ಗಳ ಮರವನ್ನು ಬೆಳೆಸಿ ತೋರಿಸಿತು. ಆ 357 ಬೈಟ್‌ಗಳಿಗೆ ಗೊತ್ತಿರುವುದು ಹದಿನಾರರ ಮಾನದ ಅಂಕೆಗಳನ್ನು ಬೈಟ್ ಮಾಡುವುದಷ್ಟೆ. ಅದರಿಂದ ಹೆಸರು ಗುರುತಿಸಬಲ್ಲ ಇನ್ನೊಂದು, ಅದರಿಂದ ಮ್ಯಾಕ್ರೊ ಅಸೆಂಬ್ಲರ್, ಅದರಿಂದ ಸಿ ಭಾಷೆಯ ಒಂದು ತುಣುಕನ್ನು ಬಲ್ಲ ಎಂ2-ಪ್ಲಾನೆಟ್, ಅದರಿಂದ ಮೆಸ್, ಅದರಿಂದ ಫ್ಯಾಬ್ರಿಸ್ ಬೆಲ್ಲಾರ್ ಅವರ ಟೈನಿಸಿಸಿ, ಅದರಿಂದ 2001ರ ಜಿಸಿಸಿ 2.95.3, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಂದಿನ ಜಿಸಿಸಿ. ಇಪ್ಪತ್ತು ವರ್ಷ ಹಳೆಯ ಆವೃತ್ತಿಗಳು ಇಲ್ಲಿ ಮತ್ತೆ ಜೀವ ಪಡೆಯುವುದಕ್ಕೆ ಕಾರಣ ಅವು ಕಡಿಮೆ ಕೇಳುತ್ತವೆ ಎಂಬುದು. ಜಿಸಿಸಿ 2013ರ 4.8ನೇ ಆವೃತ್ತಿಯಿಂದ ಸಿ++ ಕಂಪೈಲರನ್ನು ಬೇಡುತ್ತದೆ. ಬರೀ ಸಿ ಕಂಪೈಲರಿನಿಂದ ಕಟ್ಟಬಹುದಾದ ಕೊನೆಯ ಸರಣಿ 4.7, ಹಾಗಾಗಿ ಅದರ ಟಾರ್‌ಬಾಲ್‌ಗೆ ಇಂದಿಗೂ ಬೆಲೆಯಿದೆ. ಗೋ ಭಾಷೆಯಲ್ಲಿ ಅಂಥ ಸ್ಥಾನ ಸಿ ಭಾಷೆಯಲ್ಲಿದ್ದ 1.4ಕ್ಕಿದೆ. ಆಡಾ ಭಾಷೆಗೆ ಆ ಅನುಕೂಲವೂ ಇಲ್ಲ. ಜಿಸಿಸಿಯ ಆಡಾ ಭಾಗ ಆಡಾದಲ್ಲೇ ಬರೆದದ್ದಾದ್ದರಿಂದ, ಇನ್ನೊಂದು ಆಡಾ ಕಂಪೈಲರ್ ಸಿಗದೆ ಅದು ಹುಟ್ಟುವುದಿಲ್ಲ.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪೈಲರ್ ಸಂಶೋಧನೆಗೆ ಹಳೆಯ ಪರಂಪರೆಯಿದೆ. ಅಲ್ಲಿನ ವೈ. ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು. ಅಲ್ಲೇ ಕೆಲಸ ಮಾಡುವ ಉದಯ್ ಬೊಂಧುಗುಲ ಅವರ ಪ್ಲೂಟೊ ಎಂಬ ಸಲಕರಣೆ, ಲೂಪ್‌ಗಳನ್ನು ಬಹುಮುಖಿ ಆಕೃತಿಗಳಾಗಿ ಕಂಡು ಮರುಜೋಡಿಸುವ ವಿಧಾನದಲ್ಲಿ ಹೆಸರಾದದ್ದು. ಇದೇ ವಿಧಾನದ ಗಣಿತ ಜಿಸಿಸಿಯ ಅವಲಂಬನೆಗಳ ಪಟ್ಟಿಗೂ ಬಂದು ಕೂತಿದೆ. 2009ರ ಜಿಸಿಸಿ 4.4ರಲ್ಲಿ ಗ್ರಾಫೈಟ್ ಎಂಬ ಭಾಗ ಸೇರಿದಾಗ ಪಿಪಿಎಲ್ ಮತ್ತು ಕ್ಲೂಗ್ ಎಂಬ ಎರಡು ಲೈಬ್ರರಿಗಳು ಬೇಕಾದವು. 4.8ರಲ್ಲಿ ಪಿಪಿಎಲ್ ಹೋಯಿತು, 2015ರ ಜಿಸಿಸಿ 5ರಲ್ಲಿ ಕ್ಲೂಗ್ ಹೋಯಿತು. ಐಎಸ್‌ಎಲ್ ಒಂದು ಉಳಿದಿದೆ, ಅದೂ ಐಚ್ಛಿಕ. ಆರು ವರ್ಷದಲ್ಲಿ ಒಂದೇ ಪ್ಯಾಕೇಜಿನ ಬಾಣಗಳು ಇಷ್ಟು ಬದಲಾಗುವುದರಿಂದ ಹಳೆಯ ಆವೃತ್ತಿಯ ಕ್ರಮವನ್ನು ಹೊಸದಕ್ಕೆ ನಕಲು ಮಾಡಲಾಗದು.

ಕಾಲೇಜುಗಳ ಮಾತು ಬೇರೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಗಳಲ್ಲಿ ಲೆಕ್ಸ್ ಮತ್ತು ಯಾಕ್ ಪ್ರಯೋಗಗಳು ಬಹುಕಾಲ ಇದ್ದವು. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಿಂದ ಹಾಸನದ ಎಂಜಿನಿಯರಿಂಗ್ ಕಾಲೇಜಿಗೆ ಬರುವ ವಿದ್ಯಾರ್ಥಿಯೂ ಲ್ಯಾಬಿನಲ್ಲಿ ವ್ಯಾಕರಣ ಬರೆದು ಪಾರ್ಸರ್ ಹುಟ್ಟಿಸಿರುತ್ತಾನೆ. ಯಾಕ್‌ನ ಉತ್ತರಾಧಿಕಾರಿಯಾದ ಬೈಸನ್ ತಾನು ಹುಟ್ಟಿದ್ದು ಹೇಗೆ ಎಂಬ ಪ್ರಶ್ನೆ ಪ್ರಯೋಗದ ರೆಕಾರ್ಡ್ ಪುಸ್ತಕಕ್ಕೆ ಬರುವುದಿಲ್ಲ. ಇದನ್ನು ಕಲಿಯಲು ದುಬಾರಿ ಯಂತ್ರವೇನೂ ಬೇಡ. ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಸಮಯವನ್ನು ನಿಮಿಷಗಳಲ್ಲಿ ಹೇಳುವುದಿಲ್ಲ. ಬಿನ್‌ಯುಟಿಲ್ಸ್‌ನ ಮೊದಲ ಸುತ್ತಿಗೆ ನಿಮ್ಮ ಯಂತ್ರ ತೆಗೆದುಕೊಂಡ ಹೊತ್ತೇ ಒಂದು ಅಳತೆ, ಉಳಿದದ್ದೆಲ್ಲ ಅದರ ಇಷ್ಟು ಪಟ್ಟು ಎಂದು ಕೊಡುತ್ತದೆ. ಕರೆಂಟು ಹೋಗಿಬರುವ ಊರಿನಲ್ಲಿ ಜಿಸಿಸಿಯ ಸುತ್ತಿಗೆ ಕೂರುವ ಮುನ್ನ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಕನ್ನಡ ಅಕ್ಷರ ಪರದೆಗೆ ಬರುವ ತನಕ

ಹೀಗೆ ಕಟ್ಟಿದ ವ್ಯವಸ್ಥೆ ಕನ್ನಡ ತೋರಿಸುವುದು ಯಾವಾಗ? ಟೂಲ್‌ಚೈನ್ ಕಟ್ಟುವಷ್ಟು ಹೊತ್ತೂ ಭಾಷೆಯ ಸೆಟ್ಟಿಂಗನ್ನು ಪೋಸಿಕ್ಸ್ ಎಂಬ ಮೂಲ ಲೊಕೇಲ್‌ಗೆ ಕಟ್ಟಿಹಾಕಿರುತ್ತಾರೆ. ಕಾನ್ಫಿಗರ್ ಸ್ಕ್ರಿಪ್ಟ್‌ಗಳು ಬೇರೆ ಆದೇಶಗಳ ಉತ್ತರವನ್ನು ಓದಿ ನಿರ್ಧಾರ ಮಾಡುವುದರಿಂದ ಉತ್ತರದ ಭಾಷೆಯೋ ಅಕ್ಷರಗಳ ವಿಂಗಡಣೆಯ ಕ್ರಮವೋ ಬದಲಾದರೆ ಫಲವೂ ಬದಲಾಗಬಹುದು. ಅಂತಿಮ ಜಿಲಿಬ್‌ಸಿ ಬಂದ ಮೇಲೆ ಅದರ ಜೊತೆಗಿರುವ ಭಾರತದ ಕನ್ನಡದ ಲೊಕೇಲ್ ವಿವರವನ್ನು ಲೋಕಲ್‌ಡೆಫ್ ಆದೇಶದಿಂದ ಕಂಪೈಲ್ ಮಾಡಿಕೊಳ್ಳಬಹುದು. ತಿಂಗಳು, ವಾರಗಳ ಹೆಸರು ಕನ್ನಡದಲ್ಲಿ ಸಿಗುತ್ತವೆ, ಆದರೆ ಪರದೆಯಲ್ಲಿ ಕಾಣುವುದಿಲ್ಲ. ಲಿನಕ್ಸ್‌ನ ಬರೀ ಪಠ್ಯದ ಕನ್ಸೋಲ್‌ಗೆ ಒಮ್ಮೆಗೆ 512 ಆಕಾರಗಳ ಮಿತಿಯಿದೆ, ಒತ್ತಕ್ಷರ ಕೂಡಿಸುವ ಶಕ್ತಿಯಂತೂ ಇಲ್ಲವೇ ಇಲ್ಲ. ಡೆಬಿಯನ್ ಇನ್‌ಸ್ಟಾಲರ್‌ನಲ್ಲಿ ಕನ್ನಡ ಸಿಗುವುದು ಚಿತ್ರರೂಪದ ಆವೃತ್ತಿಯಲ್ಲಿ ಮಾತ್ರ.

ಕನ್ನಡವನ್ನು ಸರಿಯಾಗಿ ಕೂಡಿಸುವ ಕೆಲಸ ಹಾರ್ಫ್‌ಬಝ್ ಎಂಬ ಲೈಬ್ರರಿಯದು. 'ರ' ಕಾರ, ಹಲಂತ, 'ನ' ಕಾರ ಎಂಬ ಕೋಡ್‌ಗಳ ಸಾಲನ್ನು ನೋಡಿ ಅರ್ಕಾವೊತ್ತನ್ನು ಅಕ್ಷರದ ಹಿಂದಕ್ಕೆ ತಳ್ಳುವುದು, ಒತ್ತುಗಳನ್ನು ಕೆಳಗೆ ಕೂರಿಸುವುದು ಅದೇ. ಅಕ್ಷರದ ಆಕಾರವನ್ನು ಚುಕ್ಕಿಗಳಾಗಿ ಬಿಡಿಸುವುದು ಫ್ರೀಟೈಪ್. ಹಾರ್ಫ್‌ಬಝ್ ಫ್ರೀಟೈಪನ್ನು ಬಳಸುತ್ತದೆ. ಫ್ರೀಟೈಪ್ ತನ್ನ ಸ್ವಯಂಚಾಲಿತ ಹಿಂಟಿಂಗ್‌ಗಾಗಿ (ಅಕ್ಷರದ ಅಂಚನ್ನು ಚುಕ್ಕಿಗಳಿಗೆ ಹೊಂದಿಸಲು) ಹಾರ್ಫ್‌ಬಝನ್ನು ಬಳಸುತ್ತದೆ. ಜಿಸಿಸಿ ಮತ್ತು ಜಿಲಿಬ್‌ಸಿ ನಡುವೆ ಕಂಡ ಸುತ್ತೇ ಇಲ್ಲೂ ಇದೆ, ಬಿಡಿಸುವ ದಾರಿಯೂ ಅದೇ: ಹಾರ್ಫ್‌ಬಝ್ ಇಲ್ಲದ ಫ್ರೀಟೈಪ್ ಕಟ್ಟು, ಅದರ ಮೇಲೆ ಹಾರ್ಫ್‌ಬಝ್ ಕಟ್ಟು, ಫ್ರೀಟೈಪನ್ನು ಪೂರ್ತಿಯಾಗಿ ಮತ್ತೆ ಕಟ್ಟು. ಎರಡನೆಯ ಸಲ ಕಟ್ಟದಿದ್ದರೂ ಕನ್ನಡ ಕಾಣುತ್ತದೆ, ಅಕ್ಷರದ ಅಂಚು ಕೆಲವು ಕಡೆ ಒರಟಾಗಬಹುದು. ಹಾಗಾಗಿ ಈ ಮರುಕಟ್ಟುವಿಕೆ ಮರೆತುಹೋದದ್ದು ಬೇಗ ಗೊತ್ತಾಗುವುದಿಲ್ಲ.

ಹಾರ್ಫ್‌ಬಝ್‌ಗೆ ಸಾಮಾನ್ಯವಾಗಿ ಜೊತೆ ಕೊಡುವ ಜಿಲಿಬ್, ಹೆಸರು ಹತ್ತಿರವಾದರೂ ಸಿ ಲೈಬ್ರರಿಯಾದ ಜಿಲಿಬ್‌ಸಿ ಅಲ್ಲ. ಅದನ್ನು ಕಟ್ಟಲು ಮೆಸನ್ ಮತ್ತು ನಿಂಜಾ, ಮೆಸನ್‌ಗೆ ಪೈಥಾನ್. 2024ರ 2.80ನೇ ಆವೃತ್ತಿಯಿಂದ ಜಿಲಿಬ್‌ಗೂ ಜಿ-ಆಬ್ಜೆಕ್ಟ್ ಇಂಟ್ರೊಸ್ಪೆಕ್ಷನ್‌ಗೂ ನಡುವೆ ಮತ್ತೊಂದು ಸುತ್ತು ಬಿದ್ದಿದೆ, ಅದನ್ನೂ ಎರಡು ಸಲ ಕಟ್ಟಿಯೇ ದಾಟಬೇಕು. ಇವುಗಳ ಮೇಲೆ ಫಾಂಟ್‌ಕಾನ್ಫಿಗ್, ಕೈರೊ, ಫ್ರಿಬಿಡಿ, ಪ್ಯಾಂಗೊ, ಜಿಟಿಕೆ. ಇಷ್ಟಾದ ಮೇಲೆ ಉಳಿಯುವುದು ಫಾಂಟ್. ಲೋಹಿತ್ ಕನ್ನಡ, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟ್‌ಗಳನ್ನು ತಯಾರಾದ ಕಡತವಾಗಿ ಇಳಿಸಿಕೊಂಡರೆ ಕೆಲಸ ಅಲ್ಲಿಗೆ ಮುಗಿಯಿತು. ಲೋಹಿತ್‌ನಂಥದ್ದನ್ನು ಅದರ ಸೋರ್ಸಿನಿಂದಲೇ ಕಟ್ಟುತ್ತೇನೆಂದು ಹಟ ಹಿಡಿದರೆ ಫಾಂಟ್‌ಫೋರ್ಜ್ ಬೇಕು, ಫಾಂಟ್‌ಫೋರ್ಜ್‌ಗೆ ಫ್ರೀಟೈಪ್ ಮತ್ತು ಪೈಥಾನ್ ಎರಡೂ ಬೇಕು.